ಮಗುವಿನ ಮೇಜಿನ ಮಹಾತನಿಖೆ

ನಾನು ವಿಮೆ ಕಂಪನಿಯಲ್ಲಿ ತನಿಖಾಧಿಕಾರಿ. ಅನುಮಾನ ಪಡುವುದು ನನ್ನ ಚಟವಲ್ಲ, ಹೊಟ್ಟೆಪಾಡು. ಸುಟ್ಟ ಗೋದಾಮನ್ನು ಕಂಡು ಊರೆಲ್ಲ 'ಅಯ್ಯೋ ಪಾಪ' ಎಂದರೆ ನಾನೊಬ್ಬನೇ ಬೆಂಕಿಪೊಟ್ಟಣ ಹುಡುಕುತ್ತಿರುತ್ತೇನೆ. ಆಫೀಸಿನಲ್ಲಿ ನನಗೆ ಎರಡು ಸಲ ಬಹುಮಾನ ಸಿಕ್ಕಿದ್ದೂ ಬರೀ ಅನುಮಾನದಿಂದಲೇ. ಇಂಥ ನನ್ನನ್ನು ನನ್ನ ಮನೆಯವರೇ ಹೇಗೆ ಬುಟ್ಟಿಗೆ ಹಾಕಿಕೊಂಡರು ನೋಡಿ.

ಮಗಳಿಗೆ ನಾಲ್ಕು ತಿಂಗಳು. ದಿನಕ್ಕೆ ಹತ್ತು ಸಲ ಮಂಚಕ್ಕೆ ಬಗ್ಗಿ ಡೈಪರ್ ಬದಲಿಸಿ ಬದಲಿಸಿ ನನ್ನವಳ ಸೊಂಟ ಹಿಡಿದುಕೊಂಡಿತ್ತು.

"ರೀ, ನಿಂತ್ಕೊಂಡೇ ಬದಲಾಯಿಸೋ ಹಾಗೆ ಒಂದು ಮೇಜು ಬೇಕು. ಅಂಗಡೀಲಿ ಅದಕ್ಕೇ ಅಂತ ಸಿಗುತ್ತೆ," ಎಂದಳು.

ಹೋದೆವು. ಮೊದಲ ಮೇಜಿನ ಕೆಳಗೆ ಖಾನೆಗಳಿದ್ದವು.

"ಇದು ಯಾಕೆ?" ಎಂದೆ.

"ಡೈಪರ್ ಇಡೋಕೆ ಸಾರ್," ಎಂದ ಅಂಗಡಿಯವನು.

"ಮಗು ಇದರೊಳಗೆ ಬಿದ್ರೆ?"

"ಖಾನೆ ಮುಚ್ಚಿರುತ್ತಲ್ಲ ಸಾರ್."

"ಮುಚ್ಚೋದು ಮರೆತ್ರೆ?"

ಅವನು ನನ್ನ ಹೆಂಡತಿಯ ಮುಖ ನೋಡಿದ. (ಅವಳು ಚಾವಣಿ ನೋಡುತ್ತಿದ್ದಳು.) ಎರಡನೆಯದಕ್ಕೆ ಗಾಲಿಗಳು!

"ಬ್ರೇಕ್ ಇದೆ ಸಾರ್."

"ಇಲ್ಲಿವರೆಗೂ ನಾನು ನೋಡಿರೋ ಜಜ್ಜಿಹೋದ ಲಾರಿಗಳಿಗೆಲ್ಲ ಬ್ರೇಕ್ ಇತ್ತು ಕಣಯ್ಯಾ."

ಮೂರನೆಯದು ಗೋಡೆಗೆ ಮಡಚಿಡುವಂಥದ್ದು. ಎರಡೂ ಕೈ ಊರಿ ತೂಗಿದೆ, ಅಲುಗಲಿಲ್ಲ. ಮೊಣಕಾಲಿಟ್ಟು ಜಗ್ಗಿದೆ, ಜಪ್ಪಯ್ಯ ಅನ್ನಲಿಲ್ಲ. ಇಷ್ಟು ಒಳ್ಳೆಯ ಮೇಜನ್ನು ಯಾರೂ ಇನ್ನೂ ಕೊಂಡಿಲ್ಲ ಎಂದರೆ ಏನೋ ಮಸಲತ್ತು ಇರಲೇಬೇಕಲ್ಲ? ಕೆಳಗೆ ತೂರಿ ಟಾರ್ಚ್ ಬಿಟ್ಟು ಮೊಳೆ ಎಣಿಸತೊಡಗಿದೆ.

"ಸಾರ್, ನೀವು ಮೇಜು ಕೊಳ್ಳೋಕೆ ಬಂದ್ರಾ, ಜಪ್ತಿ ಮಾಡೋಕೆ ಬಂದ್ರಾ?"

ಬರಿಗೈಲಿ ಮರಳಿದೆವು. ದಾರಿಯುದ್ದಕ್ಕೂ ನನ್ನವಳು ಜಗಳವಾಡಲಿಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಇದೇ ಮೊದಲು!

ಮರುದಿನದಿಂದ ಮನೆಯ ಹವೆಯೇ ಬದಲಾಯಿತು. ನಾನು ಅಡುಗೆಮನೆಗೆ ಕಾಲಿಟ್ಟರೆ ಅವಳೂ ಅತ್ತೆಯೂ ಗಪ್‌ಚಿಪ್. ಬಾಣಂತನಕ್ಕೆಂದು ಬಂದ ನಮ್ಮತ್ತೆ, ಮಾತಿಲ್ಲದೆ ಅರ್ಧ ನಿಮಿಷ ಇದ್ದವರಲ್ಲ. ಬುಧವಾರ ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ನನ್ನವಳು ಫೋನಿನಲ್ಲಿ ಪಿಸುಗುಟ್ಟಿದ್ದು ಕೇಳಿತು: "ಅವರಿಗೆ ಗೊತ್ತಾಗೋದು ಬೇಡ. ಮಧ್ಯಾಹ್ನ ಬನ್ನಿ, ಆಫೀಸಿಗೆ ಹೋಗಿರ್ತಾರೆ."

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕಾಲ ಮುಗಿಯಿತು, ಇನ್ನು ದಾಳಿಯೇ ಸರಿ ಎಂದು ಅರ್ಧ ದಿನದ ರಜೆ ಹಾಕಿದೆ. ಹಿತ್ತಿಲ ಬಾಗಿಲಲ್ಲಿ ಬೂಟು ಕಳಚಿ, ಬೆಕ್ಕಿನ ಹೆಜ್ಜೆಯಲ್ಲಿ ಒಳಹೊಕ್ಕು, ಕೋಣೆಯ ಬಾಗಿಲನ್ನು ಧಡಾರನೆ ತಳ್ಳಿದೆ.

ಒಳಗೆ ಒಬ್ಬ ಬಡಗಿ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಗೋಡೆಗೆ ಬೋಲ್ಟು ತಿರುಗಿಸುತ್ತಿದ್ದ. ಅವನ ಮುಂದೆ ಹೊಸ ಮೇಜು. ಮಂಚದ ಮೇಲೆ ನನ್ನವಳು, ಮಗಳನ್ನೆತ್ತಿಕೊಂಡ ಅತ್ತೆ.

"ಓಹೋ! ನನ್ನ ಬೆನ್ನ ಹಿಂದೆ ಮೇಜು ಮಾಡಿಸ್ತೀರಾ?"

"ನಿಮ್ಮ ಮುಂದೆ ಮಾಡಿಸಿದ್ರೆ ಮಗು ಮದುವೆಗೆ ಬಂದ್ರೂ ಮೇಜು ಬರ್ತಿರ್ಲಿಲ್ಲ," ಎಂದಳು ನನ್ನವಳು.

ಖಾನೆಯಿಲ್ಲ, ಗಾಲಿಯಿಲ್ಲ, ಮೂರು ಕಡೆ ಎತ್ತರದ ಅಂಚು, ನಾಲ್ಕು ಬೋಲ್ಟು. ಸವರಿದೆ, ಮೂಸಿದೆ, ತಟ್ಟಿದೆ. ತಪ್ಪೇ ಸಿಗದೆ ಮೈ ಪರಚಿಕೊಳ್ಳುವಂತಾಯಿತು. ಅಷ್ಟರಲ್ಲಿ ನನ್ನವಳು ಬಂದು ಅದರ ಪಕ್ಕ ನಿಂತಳು. ಮೇಜು ಅವಳ ಎದೆಮಟ್ಟಕ್ಕಿತ್ತು!

"ಸಿಕ್ಕಿಬಿದ್ದೆಯಾ!" ಎಂದು ಬಡಗಿಯ ಮೇಲೆ ಹಾರಿದೆ. "ಅಳತೆ ತಪ್ಪಿದೀಯ. ಇಷ್ಟೆತ್ತರದಲ್ಲಿ ಇವಳು ಡೈಪರ್ ಬದಲಾಯಿಸ್ಬೇಕಾದ್ರೆ ಏಣಿ ಹಾಕ್ಬೇಕು!"

"ಮೂವತ್ತು ವರ್ಷದಲ್ಲಿ ನನ್ನ ಅಳತೆ ತಪ್ಪಿಲ್ಲ ಸ್ವಾಮಿ," ಎಂದು ಅವನು ಚೀಲದಿಂದ ಒಂದು ಪ್ಯಾಂಟು ತೆಗೆದು ಒದರಿದ. "ಅಮ್ಮಾವ್ರು ಇದನ್ನ ಕೊಟ್ಟಿದ್ರು. ಕಾಲಿಂದ ಸೊಂಟದ ಪಟ್ಟಿವರೆಗೆ ಎಷ್ಟಿದೆಯೋ ಅಷ್ಟೇ ಎತ್ತರ ಇಡಿ ಅಂದ್ರು."

ಪ್ಯಾಂಟು ನನ್ನದು.

"ಆರಡಿ ಆಳು ನೀವು ಅಳಿಯಂದ್ರೇ," ಅತ್ತೆ ಮೃದುವಾಗಿ ಹೇಳಿದರು. "ಬಗ್ಗಿದ್ರೆ ನಿಮಗೂ ಸೊಂಟ ಹಿಡ್ಕೊಳ್ಳುತ್ತೆ ಅಂತ..."

ವಾದಕ್ಕೆಂದು ಬಾಯಿ ತೆರೆದೆ. ಅಷ್ಟು ಹೊತ್ತಿಗೆ ಮಗಳೇ ಮೂಗಿಗೆ ತಾಕುವಂತೆ ತೀರ್ಪು ಪ್ರಕಟಿಸಿದಳು. ನನ್ನವಳು ಅವಳನ್ನು ಮೇಜಿನ ಮೇಲೆ ಮಲಗಿಸಿ, ನನ್ನ ಕೈಗೊಂದು ಡೈಪರ್ ಕೊಟ್ಟು, ಮಂಚದ ಮೇಲೆ ಕಾಲು ಚಾಚಿದಳು. ಬಡಗಿ ಸ್ಪ್ಯಾನರ್ ಕೆಳಗಿಟ್ಟು ನೋಡುತ್ತ ನಿಂತ.

ಮೊದಲು ಹಿಂದುಮುಂದಾಗಿ ಹಾಕಿದೆ. ತಿರುಗಿಸಿ ಹಾಕುವಷ್ಟರಲ್ಲಿ ಮಗಳು ನನ್ನ ಟೈಯನ್ನು ಬಾಯಿಗಿಟ್ಟುಕೊಂಡು, ಅಂಗಿಗೆ ಅಭಿಷೇಕವನ್ನೂ ಮುಗಿಸಿದಳು. ಕೊನೆಗೂ ಎರಡು ಅಂಟುಪಟ್ಟಿ ಒತ್ತಿ, ಬೆವರೊರೆಸಿಕೊಂಡು, ವಿಜಯಿಯಂತೆ ತಿರುಗಿದೆ.

ಅತ್ತೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಒಂದು ಬೆರಳಿನಿಂದ ಪಟ್ಟಿಯನ್ನು ಎತ್ತಿ, ಬಿಟ್ಟು, ಮತ್ತೆ ಎತ್ತಿದರು.

"ನನಗ್ಯಾಕೋ ಅನುಮಾನ ಅಳಿಯಂದ್ರೇ. ಬಿಚ್ಚಿ ಇನ್ನೊಂದ್ಸಲ ಹಾಕಿ, ನೋಡೋಣ."