ಬರಿಗಾಲಿನ ಕಾರು ಡಾಕ್ಟರು

ನಮ್ಮ ಸೋದರಮಾವ ಡಾಕ್ಟರಾಗಬೇಕಿತ್ತಂತೆ. ಹಾಗೆ ಹೇಳುತ್ತಿದ್ದವರು ಅವರೊಬ್ಬರೇ! ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಎರಡು ಸಲವೂ ಬರಿಗೈಯಲ್ಲಿ ಎದ್ದುಬಂದು, ಅರಕೆರೆಯ ನಾಲೆ ಬಯಲಿನಲ್ಲಿ ಬೇಸಾಯ ಹಿಡಿದ ಮೇಲೂ ಅವರೊಳಗಿನ ಡಾಕ್ಟರು ಸುಮ್ಮನಾಗಲಿಲ್ಲ. ಮನುಷ್ಯರ ಪುಣ್ಯ, ಅವರು ಕಾರುಗಳ ಕಡೆ ತಿರುಗಿದರು.

ಚಿಕಿತ್ಸೆ ಶುರುವಾಗುತ್ತಿದ್ದುದೇ ಮೆಟ್ಟು ಬಿಡುವುದರಿಂದ. ಟೈರಿನಲ್ಲಿ ಹೊಲಿಸಿದ, ಇಟ್ಟಿಗೆಯಷ್ಟು ದಪ್ಪದ ಮೆಟ್ಟುಗಳನ್ನು ಸೀಟಿನ ಕೆಳಗೆ ತಳ್ಳಿ, ಬರಿಗಾಲಲ್ಲಿ ಪೆಡಲು ತುಳಿಯುತ್ತಿದ್ದರು. "ಡಾಕ್ಟ್ರು ಕೈಗೆ ಕಂಬಳಿ ಸುತ್ಕಂಡು ನಾಡಿ ಇಡೀತಾರೇನ್ಲಾ? ಗಾಡಿ ಕಷ್ಟ ಏನು ಅಂತ ಅಂಗಾಲ್ಗೆ ಗೊತ್ತಾಗ್ಬೇಕು!"

ಸಿಂಧಘಟ್ಟದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೊಸದಾಗಿ ಕಾರು ಕೊಂಡು ಹಬ್ಬಕ್ಕೆ ಬಂದಿದ್ದರು. ವಾಪಸು ಹೊರಟಾಗ ಕಾರು ಸ್ಟಾರ್ಟ್ ಆಯಿತು. ಗೇರ್ ಹಾಕಿ ಕ್ಲಚ್ ಬಿಟ್ಟರೆ ನಿಂತೇಹೋಯಿತು! ಮಾವನಿಗೆ ಇನ್ನೇನು ಬೇಕು?

"ಯಾವಾಗಿಂದ ಇಂಗೆ? ನ್ಯೂಟ್ರಲ್ಲಲ್ಲಿ ಸರ್ಯಾಗಿ ಉಸಿರಾಡ್ತದಾ? ಗೇರ್ ಆಕ್ದಾಗ್ಲೇ ಸಾಯ್ತದಾ, ಇಲ್ಲ ಕ್ಲಚ್ ಬುಟ್ಟಾಗ್ಲಾ?"

ಭಾವ ಬೆವರು ಒರೆಸಿಕೊಂಡು ಉತ್ತರ ಕೊಟ್ಟರು. ಮಾವ ಮೆಟ್ಟು ಬಿಟ್ಟು ಒಳಗೆ ಕೂತು, ಕಣ್ಣು ಮುಚ್ಚಿ, ಮೆಲ್ಲಗೆ ಹ್ಯಾಂಡ್‌ಬ್ರೇಕ್ ಇಳಿಸಿದರು.

"ಅಳಿಯಂದ್ರೇ, ಇದ್ಕೇನೂ ಕಾಯ್ಲೆ ಇಲ್ಲ. ಬಾಲ ಇಡ್ಕಂಡು ಮುಂದಕ್ಕೋಡು ಅಂದ್ರೆ ಯಾವ ಎತ್ತು ಓಡ್ತದೆ?"

ಹಾಗಂತ ಅವರ ಪರೀಕ್ಷೆ ಎಲ್ಲ ಸಲವೂ ಸರಿಯಾಗುತ್ತಿತ್ತು ಎಂದುಕೊಳ್ಳಬೇಡಿ. ಒಮ್ಮೆ ನಾಗಮಂಗಲದ ಮದುವೆಗೆ ಅತ್ತೆಯನ್ನು ಕರೆದುಕೊಂಡು ಹೊರಟರು. ಪಾಂಡವಪುರ ದಾಟಿದ ಮೇಲೆ ಕಾರು ನಿಂತಿತು. ಮಾವ ಬಾನೆಟ್ ಎತ್ತಿ, ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ, ಅತ್ತೆಯ ರೇಷ್ಮೆ ಸೀರೆಯ ಪಕ್ಕದಲ್ಲೇ ಹರಡಿದರು. ಗಂಟೆ ಕಳೆಯಿತು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬಾತ ಇಣುಕಿ, "ಯಜಮಾನ್ರೇ, ಪೆಟ್ರೋಲೇ ಇಲ್ವಲ್ಲ!" ಎಂದ.

"ಅದು ಕಾಯ್ಲೆ ಅಲ್ಲ ಕಣಯ್ಯ, ಅಸಿವು! ನಾನು ನೋಡೋದು ಬರೀ ಕಾಯ್ಲೆ."

"ನಂಗೂ ಅಸ್ದದೆ," ಎಂದರು ಅತ್ತೆ. "ಅದಾದ್ರೂ ಕಂಡದಾ ಡಾಕ್ಟ್ರಿಗೆ?"

ಅವರು ಮದುವೆ ಮನೆ ತಲುಪಿದ್ದು ಕೊನೇ ಪಂಕ್ತಿಗೆ.

ನನಗೆ ಕಾರು ಕಲಿಸಿದವರೂ ಮಾವನೇ. ಮನೆಯ ಗಂಡಸರೆಲ್ಲ "ಅವ್ಳಿಗ್ಯಾಕೆ?" ಎಂದಾಗ, ತಮ್ಮ ಹಳೇ ಕೆನೆಬಣ್ಣದ ಕಾರನ್ನು ನಾಲೆ ಏರಿಯ ಮೇಲೆ ತಂದು ನನ್ನ ಕೈಗೆ ಕೊಟ್ಟರು. ನಾನೋ, ಗೇರ್ ಹಾಕಿದೊಡನೆ ಕಾರು ನಿಲ್ಲಿಸುವುದರಲ್ಲಿ ನಿಸ್ಸೀಮಳು! ಮಾವ ಒಮ್ಮೆಯೂ ರೇಗಲಿಲ್ಲ. "ಚಪ್ಲಿ ಬುಡು ಕಣಮ್ಮಿ. ಪೂರ್ತಿ ತುಳಿ, ನೆಲ ಮುಟ್ಟೋಗಂಟ. ಈ ಗಾಡಿ ಕ್ಲಚ್ಗೆ ಅರ್ಧ ಮರ್ವಾದೆ ಸಾಲಾಕಿಲ್ಲ!"

ಹೋದ ತಿಂಗಳು ಒಂದು ಮಧ್ಯಾಹ್ನ, ಗದ್ದೆಯಿಂದ ಕಾರಿನಲ್ಲಿ ಬಂದವರು ಬರಿಗಾಲಲ್ಲೇ ಒಳಗೆ ನಡೆದು, "ಯಾಕೋ ಎದೆ ಇಡ್ಕಂಡಂಗಾಯ್ತದೆ" ಎಂದು ಮಲಗಿದರು. ಕಂಡವರ ಕಾರಿಗೆಲ್ಲ ಐವತ್ತು ಪ್ರಶ್ನೆ ಕೇಳುತ್ತಿದ್ದವರು, ನಮಗೆ ಒಂದು ಪ್ರಶ್ನೆ ಕೇಳಲೂ ಸಮಯ ಕೊಡಲಿಲ್ಲ.

ಕಾರಿನ ಬಾಗಿಲ ಬಳಿ ಒಂದೇ ಮೆಟ್ಟು ಬಿದ್ದಿತ್ತು. ಇನ್ನೊಂದನ್ನು ನಾಯಿ ಎಳೆದುಕೊಂಡು ಹೋಗಿರಬೇಕೆಂದು ಎಲ್ಲರೂ ಅಂದುಕೊಂಡೆವು. ಅತ್ತೆ ಮಾತ್ರ ಹಿತ್ತಿಲು, ಹುಲ್ಲಿನ ಮೆದೆ ಎಲ್ಲ ಹುಡುಕಿದರು. "ಒಂದೇ ಮೆಟ್ಟಲ್ಲಿ ಅಷ್ಟು ದೂರ ಎಂಗೋಗ್ತಾರೆ?" ಎಂದು ಬಂದವರನ್ನೆಲ್ಲ ಕೇಳಿದರು.

ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೊರಡುವ ದಿನ ಅತ್ತೆಯದು ಒಂದೇ ಹಟ: "ಅವ್ರ ಗಾಡೀಲೇ ಓಗ್ಬೇಕು." ಕೆಂಪು ಬಟ್ಟೆ ಕಟ್ಟಿದ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಭಾವ ಬೂಟು ಹಾಕಿಕೊಂಡು ಸ್ಟೇರಿಂಗ್ ಹಿಡಿದರು. ಸ್ಟಾರ್ಟ್ ಆಯಿತು. ಗೇರ್ ಹಾಕಿದೊಡನೆ ಜಗ್ಗಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ಜಗ್ಗಿ ನಿಂತಿತು!

ಭಾವ ಮೊದಲು ಹ್ಯಾಂಡ್‌ಬ್ರೇಕ್ ನೋಡಿದರು, ಪಾಪ. ಅದು ಇಳಿದೇ ಇತ್ತು. ಬಾನೆಟ್ ಎದ್ದಿತು. ಸಾವಿನ ಮನೆಯಲ್ಲಿ ಇಷ್ಟೊಂದು ಡಾಕ್ಟರುಗಳಿದ್ದಾರೆಂದು ಯಾರಿಗೆ ಗೊತ್ತಿತ್ತು?

"ಕ್ಲಚ್ ಪ್ಲೇಟ್ ಸುಟ್ಟೋಗದೆ ಕಣ್ಲಾ."

"ಲೇ, ಸುಟ್ಟೋದ್ರೆ ಗಾಡಿ ಎಳೆಯಾಕಿಲ್ಲ, ಅಷ್ಟೆಯ. ಇಂಗೆ ನಿಂತ್ಕತದಾ? ಕೇಬಲ್ಲು ಸಡ್ಲ ಆಗದೆ."

"ಇಲಿ ವೈರ್ ಕಡ್ದದೆ ಬುಡ್ಲಾ!"

ಸ್ನಾನಘಟ್ಟದಲ್ಲಿ ಕಾಯುತ್ತಿದ್ದ ಪುರೋಹಿತರಿಂದ ಎರಡನೇ ಸಲ ಫೋನು ಬಂತು. ಭಾವ ಬಗ್ಗಿ, "ಅತ್ತೆ, ಬಾಡಿಗೆ ಕಾರು ಕರೆಸ್ಲಾ?" ಎಂದರು. ಅತ್ತೆ ಬೇಡವೆಂದು ತಲೆ ಅಲ್ಲಾಡಿಸಿದರು.

ನಾನು ಚಪ್ಪಲಿ ಬಿಟ್ಟು ಒಳಗೆ ಕೂತೆ. ಬರಿಗಾಲಲ್ಲಿ ಕ್ಲಚ್ ತುಳಿದೆ. ನೆಲಕ್ಕೆ ಎರಡು ಬೆರಳು ಇರುವಾಗಲೇ ಪೆಡಲು ನಿಂತಿತು. ಅರ್ಧ ಮರ್ಯಾದೆ! ಬಗ್ಗಿ ಪೆಡಲಿನ ಕೆಳಗೆ ಮಡಿಚಿಕೊಂಡಿದ್ದ ಮ್ಯಾಟು ಎಳೆದೆ. ಅದರಡಿಯಿಂದ ಗದ್ದೆಯ ಕೆಸರು ಒಣಗಿದ್ದ ಮಾವನ ಎಡಗಾಲಿನ ಮೆಟ್ಟು ಬಂತು.

ಅದನ್ನು ಹಿಂದಕ್ಕೆ ಚಾಚಿದೆ. ಅತ್ತೆ ಅದರ ಕೆಸರನ್ನು ಸೆರಗಿನಿಂದ ಒರೆಸಿದರು. "ಹಾಳಾದೋರು, ಹೋದ್ಮೇಲೂ ಕಾಲು ಅಡ್ಡ ಮಡಗವ್ರೆ ನೋಡು," ಎಂದು ನಕ್ಕರು. ಆ ನಗು ಅರ್ಧದಲ್ಲೇ ನಿಂತಿತು.

"ಇನ್ನು ಗಾಡಿ ಓಡ್ತದಾ?"

"ಓಡುತ್ತೆ ಅತ್ತೆ."

ಅವರು ಕುಡಿಕೆಯನ್ನು ಎದೆಗೆ ಒತ್ತಿಕೊಂಡರು. ಮೆಟ್ಟನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಅಂಗಾರೆ ಇದ್ನ ಅಲ್ಲೇ ಮಡಗವ್ವ. ಇನ್ನೊಂದ್ ವಸಿ ಹೊತ್ತು ಇಲ್ಲೇ ಇರ್ಲಿ ಅವ್ರು."

ನಾನು ಮೆಟ್ಟನ್ನು ಕ್ಲಚ್ಚಿನ ಕೆಳಗಿಟ್ಟು ಗೇರ್ ಹಾಕಿದೆ. ಕಾರು ಒಮ್ಮೆ ಜಗ್ಗಿ ನಿಂತಿತು. ಈ ಸಲ ಯಾರೂ ಬಾನೆಟ್ಟಿನ ಹತ್ತಿರ ಹೋಗಲಿಲ್ಲ.