ಅತ್ತೆ ನೋಡಿದ ಮೂಕಿ ಚಿತ್ರ

ನೋಡದ ಸಿನಿಮಾದ ಬಗ್ಗೆ ಮಾತಾಡುವವರಿಗೆ ಇರುವ ಧೈರ್ಯ ನೋಡಿದವರಿಗೆ ಇರುವುದಿಲ್ಲ. ಆ ಧೈರ್ಯ ನನಗೆ ತುಸು ಹೆಚ್ಚೇ. ಎಪ್ಪತ್ತೆಂಟರಲ್ಲಿ ನಿಪ್ಪಾಣಿಗೆ ವರ್ಗವಾದಾಗ 'ಬಾಡಿಗೆ ಮನೆ ಸಿಗುವವರೆಗೆ' ಎಂದು ಅತ್ತೆಯ ಮನೆಯಲ್ಲಿ ಪೆಟ್ಟಿಗೆ ಇಳಿಸಿದವನು ನಾನು. ಎಂಬತ್ತರ ದಶಕ ಮುಗಿಯುತ್ತ ಬಂದರೂ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಹುಡುಕಿದ್ದರೆ ತಾನೆ!

ಚಿಕ್ಕೋಡಿಯ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತಿದ್ದ ಧಾರವಾಡದ ಪ್ರೊಫೆಸರರು ಒಂದು ಮೂಕಿ ಚಿತ್ರದ ಮಾತೆತ್ತಿದರು. ಬಿಳಿಯರು ಎತ್ತಿನ ಗಾಡಿ ಕಟ್ಟಿಕೊಂಡು ಪರದೇಶಕ್ಕೆ ಹೋಗಿ ನೆಲೆಯೂರುವ ಕಥೆ. ಅದರ ರೀಲು ಜಗತ್ತಿನಲ್ಲೆಲ್ಲೂ ಉಳಿದಿಲ್ಲವಂತೆ, ಒಂದೇ ಒಂದು ಫೋಟೊ ಇದೆಯಂತೆ. "ನಮ್ಮ ಅತ್ತಿಯವರು ನೋಡ್ಯಾರ್ರಿ ಅದನ್ನ!" ಎಂದುಬಿಟ್ಟೆ. ಅತ್ತೆ ಚಿಕ್ಕಂದಿನಲ್ಲಿ ನೋಡಿದ ಆ ಗಾಡಿಗಳ ಕಥೆ ಶುರುಮಾಡಿದಾಗಲೆಲ್ಲ ಪೇಪರ್ ಬಿಡಿಸಿ ಕೂತವನು ನಾನು. ಮರುವಾರವೇ ಪ್ರೊಫೆಸರರು ಟೇಪ್‌ರೆಕಾರ್ಡರ್ ಹಿಡಿದು ಬಂದರು. ನನ್ನ ಮಾನವೆಲ್ಲ ಈಗ ಅತ್ತೆಯ ನೆನಪಿನ ಮೇಲೆ.

ಅತ್ತೆ ಎಷ್ಟು ಚೆಂದ ಹೇಳಿದರು ಅಂತೀರಿ! ಹೊಳೆಯಲ್ಲಿ ಸಿಕ್ಕಿಬಿದ್ದ ಗಾಡಿ, ಗಾಲಿಗೆ ಹೆಗಲು ಕೊಟ್ಟ ಹೆಂಗಸು, ಅವಳ ಕೆಸರಾದ ಲಂಗ. ಪ್ರೊಫೆಸರರು ಚಹಾ ಮರೆತರು. ಆದರೆ ಗಾಡಿಗಳು ಎಡಕ್ಕೆ ಹೋದವು ಎಂದಾಗ ಅವರ ಮುಖ ಬಾಡಿತು. ಅವರು ತಂದಿದ್ದ ಫೋಟೊದಲ್ಲಿ ಗಾಡಿಗಳು ಬಲಕ್ಕೆ ಹೊರಟಿದ್ದವು. ಇದು ಬೇರೆ ಚಿತ್ರವಿರಬೇಕು ಎಂದು ಟೇಪ್ ನಿಲ್ಲಿಸಿದರು.

"ವಯಸ್ಸಾಗೇತ್ರಿ ಅವರಿಗೆ," ಎಂದೆ ನಾನು.

"ವಯಸ್ಸು ನನಗಾಗೇತಿ, ಗಾಡಿಗಲ್ಲ," ಎಂದರು ಅತ್ತೆ. "ಗಂಡಸರು ಪರದೆ ಮುಂದ ಕೂಡತಿದ್ರು, ಹೆಣ್ಮಕ್ಕಳು ಹಿಂದ. ಹಿಂದಿನವರಿಗೂ ಚಿತ್ರ ಕಾಣ್ಲಿ ಅಂತ ಪರದೆಕ್ಕ ನೀರ ಹೊಡದು ತೋರಸ್ತಿದ್ರು. ನಿಮ್ಮ ಬಲಾ ನಮಗ ಎಡಾ."

ಪ್ರೊಫೆಸರರು ಎದ್ದು ಕೈಮುಗಿದರು. ನನಗೂ ಹೆಮ್ಮೆಯಿಂದ ಎದೆ ಉಬ್ಬಿತು, ಹಿಂದೆ ಕೂತು ನೋಡಿದ್ದು ನಾನೇ ಎಂಬಂತೆ. ಟೇಪ್ ಮತ್ತೆ ತಿರುಗಿತು. ಕಡೆಗೆ ಏನಾಯಿತು ಎಂದು ಅವರು ಕೇಳಿದರು.

"ಹೊಸಾ ಊರ ಮುಟ್ಟಿದ್ರು, ಮನಿ ಕಟ್ಟಿದ್ರು. ಮಂದಿ ಚಪ್ಪಾಳಿ ಹೊಡದ್ರು. ನಾ ಮಾತ್ರ, ಅಲ್ಲೆ ಮೊದಲ ಇದ್ದಾವರು ಎಲ್ಲಿ ಹೋದ್ರಬೇ ಅಂತ ನಮ್ಮವ್ವನ್ನ ಕೇಳಿದೆ. ಸುಮ್ಮ ಕೂಡು ಅಂದ್ಲು. ಬಂದಾವರಿಗೆ ಇದ್ದಾವರು ಕಾಣಂಗಿಲ್ಲ ನೋಡ್ರಿ."

ನಾನು ಅತ್ತೆಯ ಆರಾಮ ಕುರ್ಚಿಯಿಂದ ಮೆಲ್ಲಗೆ ಎದ್ದೆ. ಅಡುಗೆಮನೆಯ ಹೊಸ್ತಿಲ ಬಳಿ ನೆಲದ ಮೇಲೆ ಕೂತಿದ್ದ ಅವರು ಗಾಬರಿಯಾದರು. "ಅಯ್ಯ, ಕೂಡ್ರಿ ಅಳಿಯಂದ್ರ, ನಿಮಗ ಅಂದಿಲ್ಲ!"

ಹಿರಿಯರ ಮಾತು ಮೀರಬಾರದೆಂದು ಮತ್ತೆ ಕೂತೆ.