ದಾನಮ್ಮನ ಕೌದಿ ಕಾಳಗ

ಹರಿದ ಸೀರೆಗೂ ಮರುಜನ್ಮ ಕರುಣಿಸುವ ಸೂಜಿಯೇ, ನಿನಗೆ ಮೊದಲ ವಂದನೆ. ಎಣ್ಣೆ ಕಾಣದೆ ಕಿರುಗುಟ್ಟಿದರೂ ತಿರುಗುವುದನ್ನು ಬಿಡದ ಗಾಲಿಯೇ, ನಿನಗೂ ಒಂದು. ಅಂಗಡಿಗಳಲ್ಲಿ ಬಣ್ಣಬಣ್ಣದ ಬ್ಲಾಂಕೆಟ್ಟುಗಳು ರಾಶಿ ಬಿದ್ದಿದ್ದರೂ, ಮನೆಯ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಯ ಮೇಲಲ್ಲದೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಲೊಲ್ಲದ ಪುಣ್ಯಯುಗವದು. ಆ ಯುಗದಲ್ಲಿ, ಕುಬುಸದ ಖಣಗಳಿಗೆ ಹೆಸರಾದ ಗುಳೇದಗುಡ್ಡವೆಂಬ ಪಟ್ಟಣದಲ್ಲಿ, ಸಕಲಕುಬುಸವಿನ್ಯಾಸವಿಶಾರದೆಯೂ ಚಿಂದಿಚೂರುಸಂಗ್ರಹಧುರಂಧರೆಯೂ ಅತ್ತೆಯ ಮಾತಿಗೆ ಮರುಮಾತು ಕೊಡುವುದರಲ್ಲಿ ಅದ್ವಿತೀಯೆಯೂ ಆದ ದಾನಮ್ಮನೆಂಬ ಸೊಸೆಯು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವೆಂಬ ರಥವನ್ನೇರಿ ಮಾಡಿದ ಮಹಾಯುದ್ಧವನ್ನು ಬಣ್ಣಿಸುತ್ತೇವೆ. ಕೈಯಲ್ಲಿರುವ ಕೆಲಸ ಬದಿಗಿಟ್ಟು ಕಿವಿಗೊಡಿರಿ.

ಯುದ್ಧಕ್ಕೆ ಕಾರಣ ಇಷ್ಟೇ. ನಾದಿನಿ ಕಸ್ತೂರಿ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಐತವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ತೊಟ್ಟಿಲಿಗೆ ಯಾರ ಕೌದಿ? ಕೈಹೊಲಿಗೆಯ ಚಕ್ರವರ್ತಿನಿಯೂ ದಾನಮ್ಮನ ಅತ್ತೆಯೂ ಆದ ಗುರುಸಿದ್ದವ್ವ, ಸೊಸೆಯ ಯಂತ್ರವನ್ನು ಕಡೆಗಣ್ಣಿನಿಂದ ನೋಡಿ ನುಡಿದಳು:

“ಮಷೀನ್ ಹೊಲಗಿ ಕೌದಿಗೆ ತಡ್ಯಾಂಗಿಲ್ಲ ಬಿಡವಾ. ಒಂದ ಎಳಿ ಜಗ್ಗಿದ್ರ ಇಡೀ ಕೌದಿ ಬಿಚ್ಚಿ ಕೈಗೆ ಬರತೈತಿ. ನಂದೊಂದು ಪೆಟಿಗ್ಯಾಗ ಐತಿ, ಅದನ್ನ ಹಾಸೂಣು.”

ಈ ವಾಗ್ಬಾಣ ತಗುಲಿದೊಡನೆ ದಾನಮ್ಮ ಸಿಡಿದೆದ್ದು, ಕೈಯಲ್ಲಿದ್ದ ಲಟ್ಟಣಿಗೆಯನ್ನು ಗದೆಯಂತೆ ಎತ್ತಿ, ಅಡುಗೆಮನೆಯ ಡಬ್ಬಿಗಳೆಲ್ಲ ಮಾರ್ದನಿಸುವಂತೆ ಗರ್ಜಿಸಿದಳು:

“ಕೇಳ್ರಿ ಅತ್ತಿ! ಈ ಮಷೀನ್ ಮ್ಯಾಲೆ ನಾ ಬಳ್ಳಿ ಹಬ್ಬಸ್ತೀನಿ, ಬಳ್ಳ್ಯಾಗ ಗಿಳಿ ಕುಂದರಸ್ತೀನಿ! ತೊಟ್ಟಲ್ದಾಗ ನನ್ನ ಕೌದಿ ಬೀಳ್ಲಿಲ್ಲ ಅಂದ್ರ ಈ ಮಷೀನ್ ಗುಜರಿಗೆ ಹಾಕ್ರಿ, ನಾ ಹಾಂ ಹೂಂ ಅನ್ನಾಂಗಿಲ್ಲ!”

ಪ್ರತಿಜ್ಞೆ ಮಾಡುವುದು ಸುಲಭ. ಬಟ್ಟೆಯನ್ನು ಮನಬಂದತ್ತ ತಿರುಗಿಸುತ್ತ ಸೂಜಿಯಿಂದಲೇ ಚಿತ್ರ ಬರೆಯುವ ವಿದ್ಯೆ ಅಷ್ಟು ಸುಲಭವಲ್ಲ. ಸೂಜಿಯ ಕೆಳಗೆ ಅಡಗಿ ಕುಳಿತ ಉಕ್ಕಿನ ಹಲ್ಲುಗಳಿಗೆ ಬಟ್ಟೆಯನ್ನು ನೆಟ್ಟಗೆ ಹಿಂದಕ್ಕೆಳೆಯುವುದೊಂದೇ ಗೊತ್ತು. ದಾನಮ್ಮ ಎಡಕ್ಕೆ ಎಳೆದರೆ ಅವು ಹಿಂದಕ್ಕೆ ಎಳೆದವು. ಬಲಕ್ಕೆ ಎಳೆದರೂ ಹಿಂದಕ್ಕೇ ಎಳೆದವು. ಗಿಳಿಯೆಂದು ಹೊರಟದ್ದು ಬದನೆಕಾಯಿಯಾಯಿತು. ಅಡಿಯಲ್ಲಿ ದಾರ ಗಂಟುಗಂಟಾಯಿತು. ಕಡೆಗೆ ಸೂಜಿಯೇ ಟಣ್ಣೆಂದು ಮುರಿದು ವೀರಸ್ವರ್ಗ ಸೇರಿತು.

ದಾನಮ್ಮನಿಗೆ ನಿಜಕ್ಕೂ ಅಳು ಬಂತು. ಅತ್ತೆ ಕೆಟ್ಟವಳೇನಲ್ಲ. ಆದರೆ ಈ ಮನೆಗೆ ಬಂದಂದಿನಿಂದ ಇವಳು ಬಡಿದ ರೊಟ್ಟಿ ಅತ್ತೆಯ ರೊಟ್ಟಿಗಿಂತ ದಪ್ಪ, ಇವಳು ಕುಟ್ಟಿದ ಚಟ್ನಿ ಅತ್ತೆಯ ಚಟ್ನಿಗಿಂತ ಸಪ್ಪೆ. ತನ್ನ ಕೈಯದು ಒಂದಾದರೂ ಈ ಮನೆಯಲ್ಲಿ ಸೈ ಅನ್ನಿಸಿಕೊಳ್ಳಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು.

ಆಗ ಶತ್ರುವಿನ ಹೊಟ್ಟೆಯಲ್ಲೇ ಹುಟ್ಟಿಯೂ ಮಿತ್ರಪಕ್ಷ ಸೇರಿದ ಬಾಣಂತಿ ಕಸ್ತೂರಿ, ಕೂಸಿಗೆ ಹಾಲೂಡಿಸುತ್ತ ಮೊಬೈಲಿನಲ್ಲಿ ಹೊಲಿಗೆಯ ವಿಡಿಯೋ ನೋಡಿ ಗಳಿಸಿದ ರಹಸ್ಯವನ್ನು ಪಿಸುಗುಟ್ಟಿದಳು: “ವೈನಿ, ಮೊದ್ಲ ಅದರ ಹಲ್ಲು ಮುಚ್ಚ್ರಿ, ಮ್ಯಾಲೊಂದು ರಟ್ಟು ಅಂಟಸ್ರಿ. ಕೈ ಜಾರತಾವಲ್ಲ, ಬಾಂಡೆ ತಿಕ್ಕೂ ರಬ್ಬರ್ ಗ್ಲೌಸ್ ಹಾಕ್ಕೋರಿ. ಕಾಲು ಒಂದ ಸಮ ತುಳೀರಿ, ಕೈ ಸಾವಕಾಶ ಆಡಸ್ರಿ. ಅವ್ವಗ ಹೇಳಬ್ಯಾಡ್ರಿ ಮತ್ತ!”

ಅನಂತರ ಶಸ್ತ್ರಸನ್ನಾಹವಾಯಿತು. ಯಾರದೋ ಲಗ್ನಪತ್ರಿಕೆಯ ರಟ್ಟಿಗೆ ಸೂಜಿ ಇಳಿಯುವಷ್ಟು ತೂತು ಕೊರೆದು ಆ ದುಷ್ಟದಂತಗಳ ಮೇಲೆ ಅಂಟಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಕಳಚಿ ಸೂಜಿಯೊಡನೆ ಎದ್ದು ಕೂರುವ ಸ್ಪ್ರಿಂಗಿನ ಪಾದವನ್ನು ತೊಡಿಸಿ, ಮೇಲಿನ ದಾರದ ಬಿಗಿಯನ್ನು ಕೊಂಚ ಸಡಿಲಿಸಿ, ಕೌದಿ ಜೋತುಬಿದ್ದು ಜಗ್ಗದಂತೆ ಪಕ್ಕದಲ್ಲಿ ಜೋಳದ ಡಬ್ಬಿಯನ್ನು ನಿಲ್ಲಿಸಿ, ಹಳದಿ ಗ್ಲೌಸುಗಳೆಂಬ ಕವಚ ತೊಟ್ಟು ಆ ವೀರವನಿತೆ ತುಳಿಯತೊಡಗಿದಳು. ಏನೆನ್ನೋಣ! ಬಟ್ಟೆ ಎಣ್ಣೆ ಸವರಿದ ಹಂಚಿನ ಮೇಲಿನ ದೋಸೆಯಂತೆ ಬೇಕೆಂದತ್ತ ಜಾರಿತು. ಬಳ್ಳಿ ಹಬ್ಬಿತು, ಗಿಳಿಗೆ ಕೊಕ್ಕು ಬಂತು. ಐತವಾರದ ಹೊತ್ತಿಗೆ ಉಳಿದದ್ದು ಒಂದು ಮೂಲೆ ಮಾತ್ರ. ಕಾರ್ಯಕ್ಕೆಂದು ಹೊಸ ಇಳಕಲ್ ಸೀರೆಯುಟ್ಟ ದಾನಮ್ಮ ಅದನ್ನೂ ಗಡಿಬಿಡಿಯಲ್ಲಿ ಮುಗಿಸಿ ದಾರ ಕಡಿದಳು. ಹೊರಗೆ ಹೆಂಗಸರು ಆಗಲೇ ಹಾಡು ಶುರುವಿಟ್ಟಿದ್ದರು.

ಕೌದಿಯನ್ನು ಎದೆಗವಚಿಕೊಂಡು ಬಂದು, ಎಲ್ಲರ ಕಣ್ಣೆದುರು ತೊಟ್ಟಿಲಲ್ಲಿ ಹಾಸಿದಳು. ಕೂಸು ಮಲಗಿತು, ಹೆಸರಾಯಿತು, ಗುಗ್ಗರಿ ಹಂಚಿದ್ದಾಯಿತು. “ಗಿಳಿ ಏನ್ ಚಂದ ಬಂದಾವ!” ಎಂದರು ಹೆಂಗಸರು. ತ್ರಿಭುವನವಿಜಯಿನಿಯಾದ ದಾನಮ್ಮ ಗಂಭೀರವಾಗಿ ತಿರುಗಿ ಅಡುಗೆಮನೆಯತ್ತ ಹೆಜ್ಜೆಯಿಟ್ಟಳು.

ತೊಟ್ಟಿಲೂ ಅವಳ ಹಿಂದೆ ಬಂತು.

ಕಡೆಯ ಮೂಲೆ ಹೊಲಿಯುವಾಗ ಅವಳ ಕೆಂಪು ಸೆರಗು ಕೌದಿಯಡಿ ನುಸುಳಿ ಹೊಲಿಗೆಯೊಳಗೆ ಸೇರಿಹೋಗಿತ್ತು. ಕೌದಿಯ ಅಡಿಗೂ ಅಂಥದೇ ಕೆಂಪು ಸೆರಗಿನ ತುಂಡು. ರಬ್ಬರು ಹೊದ್ದ ಬೆರಳುಗಳಿಗೆ ಬಟ್ಟೆಯ ಭೇದ ತಿಳಿಯಲಿಲ್ಲ. ಹಲ್ಲಿಲ್ಲದ ಯಂತ್ರ ಯಾವುದಕ್ಕೂ ತಕರಾರೆತ್ತಲಿಲ್ಲ. ಯಾರೋ ಕತ್ತರಿ ತರಲು ಹೊರಟಾಗ ಗುರುಸಿದ್ದವ್ವ ಗದರಿದಳು: “ಕಾರ್ಯದ ದಿನಾ ಮುತ್ತೈದಿ ಸೆರಗಿಗೆ ಕತ್ತರಿ ಹಚ್ತಾರೇನ? ಸರೀರಿ, ನಾ ಬಿಚ್ತೀನಿ.”

ಎಲ್ಲರೂ ಹೋಳಿಗೆಯೂಟಕ್ಕೆ ಕುಳಿತರೆ, ನಮ್ಮ ವೀರಾಗ್ರಣಿ ಕಟ್ಟಿಹಾಕಿದ ಎಮ್ಮೆಯಂತೆ ತೊಟ್ಟಿಲ ಪಕ್ಕ ಕುಳಿತಿದ್ದಳು. ಅತ್ತೆ ಕನ್ನಡಕ ಏರಿಸಿ ಸೂಜಿಮೊನೆಯಿಂದ ಕೆದಕಿದಳು, ಉಗುರಿನಿಂದ ಎಳೆದಳು, ಹಲ್ಲಿನಿಂದ ಕಚ್ಚಿ ಜಗ್ಗಿದಳು. ಬೆವರೊರೆಸಿಕೊಂಡು ಕಡೆಗೆ ಅಂದಳು: “ಯವ್ವಾ, ಏನ್ ಗಟ್ಟಿ ಹೊಲದೀಯ ಇದನ್ನ! ಒಂದ ಎಳಿನೂ ಬರವಲ್ದಲ್ಲ!”

ದಾನಮ್ಮನ ಕಣ್ಣು ತುಂಬಿ ಬಂತು. “ಏನಂದ್ರಿ ಅತ್ತಿ? ಕೇಳಿಸ್ಲಿಲ್ಲ, ಇನ್ನೊಮ್ಮಿ ಅನ್ರಿ.”

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕೂಸು ಗಿಳಿ, ಬಳ್ಳಿ, ಸೆರಗು ಎಲ್ಲದರ ಮೇಲೂ ನಿರಾಳವಾಗಿ ಉಚ್ಚೆ ಹೊಯ್ಯಿತು.

ಅಂತೂ ಅತ್ತೆ ಒಂದೊಂದೇ ಎಳೆ ಬಿಚ್ಚಿ ಸೆರಗು ಬಿಡಿಸಿದಳು. ಲೋಕವನ್ನೇ ನಡುಗಿಸಿದ ಆ ಎರಡು ಮೊಳದ ಕೌದಿ ಹಿತ್ತಲ ತಂತಿಯ ಮೇಲೆ, ಕೂಸಿನ ಲಂಗೋಟಿಗಳ ನಡುವೆ ನೇತಾಡಿತು. ಗುರುಸಿದ್ದವ್ವ ಪೆಟ್ಟಿಗೆ ತೆಗೆದು ತನ್ನ ಕೌದಿಯನ್ನು ತಂದು ತೊಟ್ಟಿಲಲ್ಲಿ ಹಾಸಿದಳು.

“ನಿಂದು ಒಣಗೂ ತನಕಾ ಇದಿರ್ಲಿ,” ಎಂದಳು.